ಎರಡು ಫೋನು ಪಕ್ಕಪಕ್ಕ ಇಟ್ಟಾಗ: ಡಬ್ಬದ ಮೇಲಿನ ಅಂಕಿ ಓದುವುದು ಹೇಗೆ?

ಮೊನ್ನೆ ಮನೆಗೆ ಬಂದಿದ್ದ ಭಾವ ಚಹಾ ಕುಡಿಯುತ್ತಾ ಕೇಳಿದರು. "ದೀಪಾವಳಿ ಹೊತ್ತಿಗೆ ನೋಡಿಟ್ಟ ಫೋನೇ ಇದು. ಅದೇ ಬಣ್ಣ, ಅದೇ ಡಬ್ಬ. ರೇಟು ಮಾತ್ರ ಜಾಸ್ತಿ ಹೇಳ್ತಾನಲ್ಲ, ಯಾಕೆ ಮಾರಾಯ?"

ಕಾರಣ ಅಂಗಡಿಯವನ ಆಸೆಯಲ್ಲ. 2025ರ ಕೊನೆಯ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರಿತು. ಎಐ ನಡೆಸುವ ಡೇಟಾ ಸೆಂಟರ್‌ಗಳಿಗೆ ರಾಶಿಗಟ್ಟಲೆ ಮೆಮೊರಿ ಬೇಕು. ಅದನ್ನು ಮಾಡುವ ದೊಡ್ಡ ಕಂಪನಿಗಳು ಮುಖ್ಯವಾಗಿ ಮೂರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಲಾಭ ಜಾಸ್ತಿ ಇರುವ ಕಡೆಗೆ ಅವು ಕಾರ್ಖಾನೆ ತಿರುಗಿಸಿದವು, ನಮ್ಮ ಫೋನಿನೊಳಗಿನ ರ‍್ಯಾಮ್ ಅನ್ನುವ ಮೆಮೊರಿ ತುಟ್ಟಿಯಾಯಿತು. ಈಗ ಕಂಪನಿಗೆ ಎರಡೇ ದಾರಿ. ಬೆಲೆ ಏರಿಸಬೇಕು, ಇಲ್ಲ ಅದೇ ಬೆಲೆಗೆ ಎಲ್ಲೋ ಒಂದು ಕಡೆ ಸದ್ದಿಲ್ಲದೆ ಕಡಿಮೆ ಮಾಡಬೇಕು. ಎಲ್ಲಿ ಕಡಿಮೆ ಮಾಡಿದ್ದಾರೆ ಅಂತ ಪತ್ತೆ ಹಚ್ಚುವುದು ಕೊಳ್ಳುವವರ ಕೆಲಸವಾಗಿಬಿಟ್ಟಿದೆ.

ಭಾವ ನನ್ನನ್ನೇ ಕೇಳಿದ್ದಕ್ಕೂ ಕಾರಣವಿದೆ. ನಾಲ್ಕೈದು ತಿಂಗಳಿಗೊಮ್ಮೆ ಫೋನು ಬದಲಾಯಿಸುವ ಚಟ ನನಗೆ. ಒಂದನ್ನು ಮಾರಿ ಇನ್ನೊಂದು ಸೆಕೆಂಡ್ ಹ್ಯಾಂಡ್ ತರುವುದು, ಎರಡೂ ಜೇಬಲ್ಲಿ ಇಟ್ಟುಕೊಂಡು ವಾರಗಟ್ಟಲೆ ತಿರುಗುವುದು. ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. ಇರಲಿ. ಇಷ್ಟು ವರ್ಷ ಹೀಗೆ ಮಾಡಿದ ಮೇಲೆ ನನಗೆ ಹೊಳೆದದ್ದು ಒಂದೇ ವಿಷಯ. ಡಬ್ಬದ ಮೇಲಿನ ಪ್ರತಿ ಅಂಕಿಯ ಹಿಂದೆ ಒಂದು "ಯಾವಾಗ?" ಅಡಗಿರುತ್ತದೆ. ಅಂಕಿ ಸುಳ್ಳಿರುವುದಿಲ್ಲ. ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಆ ಅಂಕಿ ಬರುತ್ತದೆ ಅನ್ನುವುದನ್ನು ಮಾತ್ರ ಬರೆದಿರುವುದಿಲ್ಲ.

ಪರದೆ: ಒಂದು ನಲ್ಲಿ ಬಿಟ್ಟರೆ ಜೋರು, ಎಲ್ಲ ನಲ್ಲಿ ಬಿಟ್ಟರೆ?

ನಿಟ್ಸ್ ಅಂದರೆ ಪರದೆ ಎಷ್ಟು ಬೆಳಗುತ್ತದೆ ಅನ್ನುವ ಅಳತೆ. ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟಾಂಡಿನಲ್ಲಿ ನಿಂತು ಮೆಸೇಜ್ ಓದಬೇಕಾದರೆ ಇದು ಬೇಕೇ ಬೇಕು. ಈಗಿನ ಜಾಹೀರಾತುಗಳಲ್ಲಿ 3000, 4500, ಅದಕ್ಕೂ ಮೇಲೆ ಬರೆಯುತ್ತಾರೆ. ಅದು ಪೀಕ್, ಅಂದರೆ ತುತ್ತತುದಿಯ ಬೆಳಕು. ಪರದೆಯ ಒಂದು ಚಿಕ್ಕ ಚೂರು ಮಾತ್ರ ಉರಿಯುತ್ತಾ ಉಳಿದದ್ದೆಲ್ಲ ಕಪ್ಪಾಗಿದ್ದಾಗ ಸಿಗುವ ಅಂಕಿ ಅದು.

ಮನೆಯ ಮೇಲಿನ ಟ್ಯಾಂಕಿನಿಂದ ಒಂದೇ ನಲ್ಲಿ ಬಿಟ್ಟು ನೋಡಿ, ನೀರು ಭರ್ ಅಂತ ಬರುತ್ತದೆ. ಬಚ್ಚಲು, ಅಡುಗೆಮನೆ, ಹಿತ್ತಲು ಎಲ್ಲ ಒಟ್ಟಿಗೆ ಬಿಟ್ಟರೆ ಸಣ್ಣಗಾಗುತ್ತದೆ. ಒಎಲ್‌ಇಡಿ ಪರದೆಯೂ ಹಾಗೆಯೇ. ಅಲ್ಲಿ ಪ್ರತಿ ಚುಕ್ಕೆಯೂ ತನ್ನದೇ ಬೆಳಕು ಕೊಡುತ್ತದೆ. ಬಿಳಿ ಪುಟ ತುಂಬ ಬೆಳಗಬೇಕಾದರೆ ಎಲ್ಲ ಚುಕ್ಕೆಗಳಿಗೂ ಕರೆಂಟು ಹಂಚಬೇಕು, ಬಿಸಿಯನ್ನೂ ತಡೆಯಬೇಕು. ಹಾಗಾಗಿ ಹೋಲಿಸುವಾಗ ಪೀಕ್ ಬಿಟ್ಟು "ಹೈ ಬ್ರೈಟ್‌ನೆಸ್ ಮೋಡ್" ಎಂದು ಬರೆದ ಅಂಕಿ ನೋಡಿ. ಇಡೀ ಪರದೆಗೆ ಹತ್ತಿರದ ಲೆಕ್ಕ ಅದು.

ಬೆಳಕು ಜಾಸ್ತಿಯಾದಾಗ ಏನಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಡಿಮೆಯಾದಾಗ ಏನಾಗುತ್ತದೆ ಅನ್ನುವುದನ್ನು ಹೇಳುವವರು ಕಡಿಮೆ. ರಾತ್ರಿ ಬೆಳಕು ತಗ್ಗಿಸಿದಾಗ ಬಹಳಷ್ಟು ಒಎಲ್‌ಇಡಿ ಪರದೆಗಳು ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತವೆ. ಕಣ್ಣಿಗೆ ಅದು ಮಬ್ಬು ಬೆಳಕಾಗಿ ಕಾಣುತ್ತದೆ, ಆದರೆ ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಆ ಪರದೆಯನ್ನು ನೋಡಿ, ಕಪ್ಪು ಪಟ್ಟಿಗಳು ಓಡುವುದು ಕಾಣಬಹುದು. ಹೊಸ ಫೋನು ತಂದ ಮೇಲೆ ರಾತ್ರಿ ಹೊತ್ತು ತಲೆ ಸಿಡಿಯುತ್ತಿದ್ದರೆ ಕನ್ನಡಕದ ಅಂಗಡಿಗೆ ಹೋಗುವ ಮೊದಲು ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಹರ್ಟ್ಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 60 ಅಂದರೆ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ಬರೆಯುತ್ತದೆ, 120 ಅಂದರೆ ಅದರ ಎರಡರಷ್ಟು. 60ರಿಂದ 120ಕ್ಕೆ ಹೋದರೆ ಕಣ್ಣಿಗೆ ಗೊತ್ತಾಗುತ್ತದೆ. 120ರಿಂದ 144ಕ್ಕೆ ಹೋದದ್ದು ನನಗಂತೂ ಗೊತ್ತಾಗಿಲ್ಲ.

ರ‍್ಯಾಮ್ ಅಂದರೆ ಅಡುಗೆ ಕಟ್ಟೆ, ಸ್ಟೋರೇಜ್ ಅಂದರೆ ಉಗ್ರಾಣ

ಅಡುಗೆ ಮಾಡುವಾಗ ಕೈಗೆ ಸಿಗುವಂತೆ ಕಟ್ಟೆಯ ಮೇಲೆ ಹರಡಿಕೊಳ್ಳುತ್ತೇವಲ್ಲ, ಅದು ರ‍್ಯಾಮ್. ಅಕ್ಕಿ, ಬೇಳೆ ತುಂಬಿಟ್ಟ ಉಗ್ರಾಣ ಸ್ಟೋರೇಜ್. ಕಟ್ಟೆ ಚಿಕ್ಕದಾದರೆ ಒಂದು ಪಾತ್ರೆ ಇಡಲು ಇನ್ನೊಂದನ್ನು ಎತ್ತಬೇಕು. ಯುಪಿಐ ಆ್ಯಪ್ ತೆರೆದು, ಒಟಿಪಿ ನೋಡಲು ಮೆಸೇಜಿಗೆ ಹೋಗಿ, ವಾಪಸ್ ಬಂದಾಗ ಆ್ಯಪ್ ಮತ್ತೆ ಮೊದಲಿಂದ ಶುರುವಾಗುತ್ತದಲ್ಲ, ಅದು ಕಟ್ಟೆ ಸಾಲದ ಲಕ್ಷಣ.

"8 ಜಿಬಿ ಜೊತೆಗೆ ಇನ್ನೂ 8 ಜಿಬಿ ವರ್ಚುವಲ್ ರ‍್ಯಾಮ್" ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಅದು ಉಗ್ರಾಣದ ನೆಲದ ಮೇಲೆ ಕೂತು ತರಕಾರಿ ಹೆಚ್ಚಿದ ಹಾಗೆ. ಜಾಗ ಸಿಗುತ್ತದೆ ನಿಜ, ಓಡಾಟ ಹೆಚ್ಚಾಗುತ್ತದೆ. ಹೋಲಿಸುವಾಗ ಆ ಎರಡನೆಯ 8ನ್ನು ಸುಮ್ನೆ ಮರೆತುಬಿಡಿ.

ಉಗ್ರಾಣದ ಗಾತ್ರವನ್ನು ಎಲ್ಲರೂ ನೋಡುತ್ತಾರೆ, ಬಾಗಿಲನ್ನು ಯಾರೂ ನೋಡುವುದಿಲ್ಲ. ತೀರಾ ಅಗ್ಗದ ಫೋನುಗಳಲ್ಲಿ ಇಎಂಎಂಸಿ ಅನ್ನುವ ಹಳೆಯ ಜಾತಿಯ ಸ್ಟೋರೇಜ್ ಇರುತ್ತದೆ. ಅದು ಒಂದೇ ಗಾಡಿ ಹೋಗುವ ಹಳೇ ಸೇತುವೆ. ಆ ಕಡೆಯಿಂದ ಲಾರಿ ಬರುತ್ತಿದ್ದರೆ ಈ ಕಡೆಯವರು ಕಾಯಬೇಕು. ಯುಎಫ್‌ಎಸ್ ಅಂದರೆ ಎರಡು ಕಡೆಯೂ ಒಟ್ಟಿಗೆ ಓಡಾಡಬಹುದಾದ ರಸ್ತೆ. ಅದರಲ್ಲೂ ದರ್ಜೆಗಳಿವೆ. ಕಾಗದದ ಮೇಲೆ ಯುಎಫ್‌ಎಸ್ 4.0 ಅನ್ನುವುದು 2.2ರ ಸುಮಾರು ನಾಲ್ಕು ಪಟ್ಟು ವೇಗದ್ದು. ಬೆಲೆ ಏರಿರುವ ಈ ಹೊತ್ತಿನಲ್ಲಿ ಕಡಿತ ಮಾಡಲು ಸುಲಭವಾದ ಜಾಗವೂ ಇದೇ, ಯಾಕೆಂದರೆ ಡಬ್ಬದ ಮೇಲೆ ದೊಡ್ಡದಾಗಿ "256 ಜಿಬಿ" ಎಂದು ಬರೆದರೆ ಯಾವ ಜಾತಿಯದು ಅಂತ ಕೇಳುವವರು ಕಡಿಮೆ.

ಪ್ರೊಸೆಸರ್: ಘಾಟಿ ಹತ್ತುವವರೆಗೆ ತಾಳಿ

ಪ್ರೊಸೆಸರ್ ಫೋನಿನ ಎಂಜಿನ್. ಹೆಸರುಗಳೇ ಮೊದಲ ಗೊಂದಲ. ಸ್ನಾಪ್‌ಡ್ರಾಗನ್ 7ಎಸ್ ಜೆನ್ 3 ಬಂದದ್ದು 2024ರಲ್ಲಿ, 7ಪ್ಲಸ್ ಜೆನ್ 2 ಬಂದದ್ದು 2023ರಲ್ಲಿ. ಹೊಸದೇ ಜೋರು ಅಂದುಕೊಂಡರೆ ತಪ್ಪು, ಹಳೆಯದೇ ಗಟ್ಟಿ ಎಂಜಿನ್. ಒಂದೇ ಹೆಸರಿನ ಫೋನಿನಲ್ಲಿ ಬೇರೆ ಬೇರೆ ಎಂಜಿನ್ ಇರುವುದೂ ಉಂಟು. 2024ರ ಗ್ಯಾಲಕ್ಸಿ ಎಸ್24 ನಮ್ಮಲ್ಲಿ ಎಕ್ಸಿನಾಸ್ ಚಿಪ್ ಇಟ್ಟುಕೊಂಡು ಬಂತು, ಅಮೆರಿಕದಲ್ಲಿ ಅದೇ ಫೋನಿಗೆ ಸ್ನಾಪ್‌ಡ್ರಾಗನ್. ಅಲ್ಲಿಯವರು ಮಾಡಿದ ವಿಡಿಯೊ ನೋಡಿ ಇಲ್ಲಿಯ ಫೋನು ಕೊಂಡರೆ ನೋಡಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ವೇಗ ಅಳೆಯಲು ಗೀಕ್‌ಬೆಂಚ್, ಆಂಟುಟು ಥರದ ಆ್ಯಪ್‌ಗಳಿವೆ. ಅವು ಫೋನಿಗೆ ಲೆಕ್ಕ ಕೊಟ್ಟು ಅಂಕ ಹಾಕುತ್ತವೆ. ಇಲ್ಲೂ ಅದೇ "ಯಾವಾಗ?". ಗೀಕ್‌ಬೆಂಚ್ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಹೆಚ್ಚಿನ ಫೋನುಗಳಿಗೆ ಫ್ಯಾನ್ ಇಲ್ಲ, ಬಿಸಿಯಾದರೆ ಫೋನು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬಯಲಲ್ಲಿ ಚೆನ್ನಾಗಿ ಓಡಿದ ಗಾಡಿ ಆಗುಂಬೆ ಘಾಟಿಯಲ್ಲಿ ಉಸಿರು ಬಿಡುತ್ತದಲ್ಲ, ಹಾಗೆ. ಅದಕ್ಕೇ ನಾನು ತ್ರೀಡಿಮಾರ್ಕ್‌ನ ಸ್ಟ್ರೆಸ್ ಟೆಸ್ಟ್ ಹಾಕುತ್ತೇನೆ. ಅದು ಒಂದೊಂದು ನಿಮಿಷದ ಪರೀಕ್ಷೆಯನ್ನು 20 ಸಲ ಬಿಡದೆ ಓಡಿಸುತ್ತದೆ. ಮೊದಲ ಸುತ್ತಿನ ಅಂಕಕ್ಕಿಂತ ಇಪ್ಪತ್ತನೆಯ ಸುತ್ತಿನ ಅಂಕ ಎಷ್ಟು ಬಿದ್ದಿದೆ ಅನ್ನುವುದೇ ಮುಖ್ಯ. ಮೇ ತಿಂಗಳಲ್ಲಿ ಮತ್ತು ಡಿಸೆಂಬರಿನಲ್ಲಿ ಒಂದೇ ಫೋನಿಗೆ ಬೇರೆ ಬೇರೆ ಫಲಿತಾಂಶ ಬಂದದ್ದನ್ನೂ ನೋಡಿದ್ದೇನೆ.

ಅಂಕಗಳನ್ನು ಕಣ್ಣು ಮುಚ್ಚಿ ನಂಬಬಾರದು ಅನ್ನಲು ಒಂದು ನಡೆದ ಸಂಗತಿ ಇದೆ. 2022ರ ಮಾರ್ಚ್‌ನಲ್ಲಿ ಗೀಕ್‌ಬೆಂಚ್ ತನ್ನ ಪಟ್ಟಿಯಿಂದ ಗ್ಯಾಲಕ್ಸಿ ಎಸ್10ರಿಂದ ಎಸ್22ರವರೆಗಿನ ಮುಖ್ಯ ಫೋನುಗಳನ್ನು ತೆಗೆದುಹಾಕಿತು. ಗೇಮ್‌ ಮತ್ತಿತರ ಆ್ಯಪ್‌ಗಳಿಗೆ ವೇಗ ತಗ್ಗಿಸುತ್ತಿದ್ದ ತಂತ್ರಾಂಶ ಪರೀಕ್ಷೆಯ ಆ್ಯಪ್‌ಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಶಾಲೆ ಗುಡಿಸಿದ ಹಾಗೆ.

ಕ್ಯಾಮೆರಾ: ಅಂಗಳ ಎಷ್ಟು ದೊಡ್ಡದು?

ಜಾಸ್ತಿ ಜನ ಮೋಸ ಹೋಗುವುದು ಇಲ್ಲಿ. 200 ಮೆಗಾಪಿಕ್ಸೆಲ್ ಇದ್ದರೆ 50ಕ್ಕಿಂತ ನಾಲ್ಕು ಪಟ್ಟು ಒಳ್ಳೆಯದು ಅನಿಸುತ್ತದೆ, ಅಲ್ವಾ?

ಅಡಿಕೆ ಒಣ ಹಾಕುವ ಅಂಗಳವನ್ನು ನೆನಪಿಸಿಕೊಳ್ಳಿ. ಅಂಗಳಕ್ಕೆ ಬೀಳುವ ಬಿಸಿಲು ಅಷ್ಟೇ. ನೀವು ಅಲ್ಲಿ ನಾಲ್ಕು ದೊಡ್ಡ ಚಾಪೆ ಹಾಸಿ ಅಥವಾ ಹದಿನಾರು ಚಿಕ್ಕ ಚಾಪೆ ಹಾಸಿ, ಒಟ್ಟು ಬಿಸಿಲು ಹೆಚ್ಚಾಗುವುದಿಲ್ಲ, ಒಂದೊಂದು ಚಾಪೆಗೆ ಬೀಳುವುದು ಕಡಿಮೆಯಾಗುತ್ತದೆ ಅಷ್ಟೆ. ಕ್ಯಾಮೆರಾದ ಸೆನ್ಸರ್ ಅಂಗಳ, ಪಿಕ್ಸೆಲ್‌ಗಳು ಚಾಪೆ. ಇದು ಕಂಪನಿಗಳಿಗೂ ಗೊತ್ತು. ಹಾಗಾಗಿ 200 ಮೆಗಾಪಿಕ್ಸೆಲ್ ಫೋನು ಮಾಮೂಲಿ ಫೋಟೊ ತೆಗೆಯುವಾಗ ಹದಿನಾರು ಪಿಕ್ಸೆಲ್‌ಗಳನ್ನು ಒಟ್ಟು ಸೇರಿಸಿ ಒಂದು ಮಾಡಿಕೊಳ್ಳುತ್ತದೆ. ಕೊನೆಗೆ ಕೈಗೆ ಬರುವುದು ಸುಮಾರು 12.5 ಮೆಗಾಪಿಕ್ಸೆಲ್ ಚಿತ್ರ. 50 ಮೆಗಾಪಿಕ್ಸೆಲ್ ಫೋನು ನಾಲ್ಕನ್ನು ಸೇರಿಸಿ ಒಂದು ಮಾಡುತ್ತದೆ. ಬರುವುದು ಅದೇ 12.5.

ಹಾಗಾದರೆ ನೋಡಬೇಕಾದ್ದು ಅಂಗಳದ ಅಳತೆ. ಅದನ್ನು 1/1.3 ಇಂಚು, 1/2.76 ಇಂಚು ಎಂದು ಬರೆಯುತ್ತಾರೆ. ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. ಇಲ್ಲೊಂದು ತಮಾಷೆ ಇದೆ. ಒಂದಿಂಚಿನ ಸೆನ್ಸರನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸಿಗುವುದು ಸುಮಾರು 16 ಮಿಲಿಮೀಟರ್, ಇಂಚು ಅಂದರೆ 25.4 ಇರಬೇಕಿತ್ತು. ಹಳೆಯ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆ ಇರುತ್ತಿತ್ತು, ಆಗ ಕೊಳವೆಯ ಹೊರಸುತ್ತಿನ ಅಡ್ಡಳತೆ ಹೇಳುತ್ತಿದ್ದರು. ಕೊಳವೆ ಹೋಯಿತು, ಲೆಕ್ಕ ಉಳಿಯಿತು.

ಒಐಎಸ್ ಇದೆಯೇ ನೋಡಿ. ಕೈ ನಡುಗಿದಾಗ ಲೆನ್ಸನ್ನೋ ಸೆನ್ಸರನ್ನೋ ಎದುರು ದಿಕ್ಕಿಗೆ ಸರಿಸಿ ಚಿತ್ರ ಅಲುಗದಂತೆ ಹಿಡಿಯುವ ವ್ಯವಸ್ಥೆ ಅದು, ಸಂಜೆಯ ಫೋಟೊಗಳಿಗೆ ತುಂಬ ಸಹಾಯ. 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕ್ಯಾಮೆರಾ ಇರುವುದು ಹೆಚ್ಚಿನ ಸಲ ಹಿಂದೆ ಮೂರು ಕಣ್ಣು ಕಾಣಲಿ ಅಂತ. 100 ಪಟ್ಟು ಜೂಮ್ ಅಂದರೆ ಬಹುಪಾಲು ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದ್ದು.

ಇಷ್ಟು ಹೇಳಿದ ಮೇಲೂ ಒಂದು ಮಾತು. ಅದೇ ಸೆನ್ಸರ್ ಇರುವ ಎರಡು ಫೋನುಗಳ ಚಿತ್ರ ಬೇರೆಯಾಗಿಯೇ ಬರುತ್ತದೆ. ಒಂದು ಕಂಪನಿ ಮುಖವನ್ನು ಬೆಳ್ಳಗೆ ಮಾಡುತ್ತದೆ, ಇನ್ನೊಂದು ಹಸಿರನ್ನು ಪಾಚಿಯಷ್ಟು ಗಾಢ ಮಾಡುತ್ತದೆ. ಇಲ್ಲಿ ಅಳತೆಗೋಲು ನಿಲ್ಲುತ್ತದೆ, ರುಚಿ ಶುರುವಾಗುತ್ತದೆ. ನಾನು ಮಾಡುವುದು ಇಷ್ಟು. ಸಂಜೆ ದೀಪ ಹಚ್ಚಿದ ಹೊತ್ತಿಗೆ ದೇವರ ಮುಂದಿನ ಮಲ್ಲಿಗೆ, ಓಡುವ ಮಗು, ಕಿಟಕಿಗೆ ಬೆನ್ನು ಮಾಡಿ ಕೂತ ಅಮ್ಮ, ಈ ಮೂರನ್ನು ಎರಡೂ ಫೋನಿನಲ್ಲಿ ತೆಗೆಯುತ್ತೇನೆ. ಯಾವುದು ಯಾವ ಫೋನಿನದು ಅಂತ ಹೇಳದೆ ಒಂದೇ ಟಿವಿ ಮೇಲೆ ಹಾಕಿ ಅಮ್ಮನಿಗೆ ತೋರಿಸುತ್ತೇನೆ. ಅಮ್ಮ ಸಾಮಾನ್ಯವಾಗಿ ಬೆಳಕು ಜಾಸ್ತಿ ಇರುವುದನ್ನೇ ಆರಿಸುತ್ತಾರೆ. ಕಳೆದ ಸಲ ಆರಿಸಿದ್ದು ನನ್ನ ಹಳೆಯ, ಅರ್ಧ ಬೆಲೆಯ ಫೋನಿನ ಫೋಟೊ. ವಾಟ್ಸ್ಆ್ಯಪಿನಲ್ಲಿ ಕಳಿಸಿ ಹೋಲಿಸಬೇಡಿ, ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ವ್ಯತ್ಯಾಸವೆಲ್ಲ ಅಲ್ಲೇ ಸತ್ತುಹೋಗುತ್ತದೆ.

ಬ್ಯಾಟರಿ: ಟ್ಯಾಂಕು ಬೇರೆ, ಮೈಲೇಜು ಬೇರೆ

ಎಂಎಎಚ್ ಅಂದರೆ ಟ್ಯಾಂಕಿನ ಗಾತ್ರ. ದೊಡ್ಡ ಟ್ಯಾಂಕಿನ ಬೈಕು ಜಾಸ್ತಿ ದೂರ ಹೋಗಲೇಬೇಕು ಅಂತಿಲ್ಲ, ಮೈಲೇಜು ನೋಡಬೇಕು. ಪರದೆ, ಪ್ರೊಸೆಸರ್, ಸಿಗ್ನಲ್ ಈ ಮೂರೂ ಸೇರಿ ಮೈಲೇಜನ್ನು ಏರಿಸಿ ಇಳಿಸುತ್ತವೆ. ಈಚೆಗೆ ತೆಳ್ಳಗಿನ ಫೋನಿನಲ್ಲೂ 7000 ಎಂಎಎಚ್ ಬರುತ್ತಿರುವುದಕ್ಕೆ ಕಾರಣ ಸಿಲಿಕಾನ್ ಕಾರ್ಬನ್ ಬ್ಯಾಟರಿ. ಮೊದಲು ಬ್ಯಾಟರಿಯ ಒಂದು ಬದಿಯಲ್ಲಿ ಬರೀ ಗ್ರಾಫೈಟ್ ಇರುತ್ತಿತ್ತು. ಸಿಲಿಕಾನ್ ಬೆರೆಸಿದರೆ ಅದೇ ಜಾಗದಲ್ಲಿ ಹೆಚ್ಚು ಲಿಥಿಯಂ ಹಿಡಿಯುತ್ತದೆ. ಸಿಲಿಕಾನ್ ಉಬ್ಬುತ್ತದೆ ಅನ್ನುವುದು ತೊಂದರೆ, ಕಾರ್ಬನ್ ಆ ಉಬ್ಬನ್ನು ತಡೆದುಕೊಳ್ಳಲು ಇರುವುದು.

ಚಾರ್ಜಿಂಗಿನ ವ್ಯಾಟ್ ಕೂಡ ಪೀಕ್ ಅಂಕಿಯೇ. ಡಿಪೋದಿಂದ ಖಾಲಿ ಬಸ್ಸು ಬಂದು ನಿಂತಾಗ ಮೊದಲ ಮೂವತ್ತು ಜನ ದಡಬಡ ಹತ್ತಿ ಕೂರುತ್ತಾರೆ. ಕೊನೆಯ ಹತ್ತು ಜನ ಒಬ್ಬೊಬ್ಬರಾಗಿ ಸೀಟು ಹುಡುಕುತ್ತಾ ನುಸುಳಬೇಕು, ನೂಕಿದರೆ ಗಲಾಟೆ. ಬ್ಯಾಟರಿಯೊಳಗೆ ಲಿಥಿಯಂ ಕಣಗಳ ಕತೆಯೂ ಇದೇ. ಹಾಗಾಗಿ 100 ವ್ಯಾಟ್ ಸಿಗುವುದು ಶುರುವಿನ ಸ್ವಲ್ಪ ಹೊತ್ತು, 80 ಶೇಕಡಾ ದಾಟಿದ ಮೇಲೆ ನಿಧಾನ. ಅದೂ ಆ ಕಂಪನಿಯ ಚಾರ್ಜರ್ ಇದ್ದರೆ. ಬೇರೆ ಕಂಪನಿಯ ಟೈಪ್ ಸಿ ಚಾರ್ಜರ್ ಚುಚ್ಚಿದರೆ ವೇಗ ಎಷ್ಟೋ ಇಳಿಯಬಹುದು. ಫೋನು ಬದಲಾಯಿಸುತ್ತಲೇ ಇರುವ ನನ್ನಂಥವರ ಮನೆಯಲ್ಲಿ ಹೀಗೆ ಕೂಡದ ಚಾರ್ಜರ್‌ಗಳದೇ ಒಂದು ಡ್ರಾಯರ್ ಇರುತ್ತದೆ.

ಬಾಳಿಕೆ ತಿಳಿಯಲು ಒಂದು ಒಳದಾರಿ ಇದೆ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಬ್ಯಾಟರಿ ತನ್ನ ಸಾಮರ್ಥ್ಯದ 80 ಶೇಕಡಾ ಉಳಿಸಿಕೊಂಡಿರಬೇಕು. ಜೊತೆಗೆ ಪ್ರತಿ ಮಾದರಿಗೂ ಬ್ಯಾಟರಿ ಬಾಳಿಕೆ, ಬಿದ್ದರೆ ತಡೆಯುವ ಶಕ್ತಿ, ರಿಪೇರಿಯ ಸುಲಭ ಇವನ್ನೆಲ್ಲ ದರ್ಜೆಯಾಗಿಯೋ ಅಂಕಿಯಾಗಿಯೋ ಚೀಟಿಯಲ್ಲಿ ತೋರಿಸಬೇಕು. ನಮ್ಮಲ್ಲಿ ಆ ಚೀಟಿ ಬರುವುದಿಲ್ಲ. ಆದರೆ ಅದೇ ಮಾದರಿ ಅಲ್ಲೂ ಮಾರಾಟಕ್ಕಿದ್ದರೆ ಅಂತರ್ಜಾಲದಲ್ಲಿ ಹುಡುಕಿ ಓದಿಕೊಳ್ಳಬಹುದು. ದೇಶ ಬದಲಾದರೆ ಬ್ಯಾಟರಿಯ ಗಾತ್ರವೂ ಬದಲಾಗುವುದುಂಟು, ಅದನ್ನೊಮ್ಮೆ ತಾಳೆ ನೋಡಿ.

ಸಿಗ್ನಲ್: ಊರಿಗೆ ಹೋದಾಗ ತಿಳಿಯುವ ಸತ್ಯ

5ಜಿ ಎಂದು ಬರೆದಿದ್ದರೆ ಸಾಲದು, ಯಾವ ಬ್ಯಾಂಡ್ ಅಂತ ನೋಡಬೇಕು. ಬ್ಯಾಂಡ್ ಅಂದರೆ ರೇಡಿಯೊ ಅಲೆಗಳ ಒಂದು ದಾರಿ. ಭಾರತದಲ್ಲಿ 5ಜಿಗೆ ಹೆಚ್ಚು ಬಳಕೆಯಲ್ಲಿರುವುದು 3300 ಮೆಗಾಹರ್ಟ್ಜ್ ಸುತ್ತಿನ ಎನ್78. ಅದು ವೇಗದ್ದು, ಆದರೆ ದೂರ ಹೋಗುವುದಿಲ್ಲ, ಗೋಡೆ ತೂರುವುದೂ ಕಷ್ಟ. ಜಿಯೊ ಬಳಿ 700 ಮೆಗಾಹರ್ಟ್ಜ್‌ನ ಎನ್28 ಕೂಡ ಇದೆ, ಅದು ದೂರ ಹೋಗುತ್ತದೆ, ಮನೆಯೊಳಗೂ ಬರುತ್ತದೆ. ಬಿಎಸ್‌ಎನ್‌ಎಲ್ ತನ್ನ 4ಜಿಗೂ 700 ಮೆಗಾಹರ್ಟ್ಜ್ ಬಳಸುತ್ತದೆ. ಗುಡ್ಡದ ಕೆಳಗಿನ ಮನೆಗಳಿಗೆ ಈ ಕಡಿಮೆ ಅಂಕಿಯ ಬ್ಯಾಂಡ್‌ಗಳೇ ಆಸರೆ.

ಅಮೆರಿಕದಿಂದ ಬರುವ ನೆಂಟರ ಕೈಲಿ ಐಫೋನ್ ತರಿಸುವವರಿಗೆ ಒಂದು ಎಚ್ಚರಿಕೆ. 2022ರ ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಹೊಸ ಮಾದರಿಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇಸಿಮ್, ಅಂದರೆ ಫೋನಿನೊಳಗೇ ಇರುವ, ಕೈಯಲ್ಲಿ ಹಿಡಿಯಲಾಗದ ಸಿಮ್. ಫೋನು ಬಂದ ದಿನ ಕೈಯಲ್ಲಿ ಸಿಮ್ ಹಿಡಿದುಕೊಂಡು ಸುತ್ತ ತಿರುಗಿಸಿ ನೋಡಿದವರನ್ನು ಕಂಡಿದ್ದೇನೆ.

ಹೊಸ ಫೋನು ಯಾವಾಗಲೂ ಯಾಕೆ ಗೆಲ್ಲುತ್ತದೆ?

ಯಾಕೆಂದರೆ ಪಂದ್ಯ ನ್ಯಾಯದ್ದಲ್ಲ. ಒಂದು ಕಡೆ ಖಾಲಿ ಸ್ಟೋರೇಜ್, ಹೊಸ ಬ್ಯಾಟರಿ, ಬೇಡದ ಆ್ಯಪ್ ಇಲ್ಲದ ಫೋನು. ಇನ್ನೊಂದು ಕಡೆ ಮೂರು ವರ್ಷದ ಗುಡ್ ಮಾರ್ನಿಂಗ್ ಚಿತ್ರಗಳು ತುಂಬಿ ಉಸಿರು ಕಟ್ಟಿದ ಫೋನು. ನಾನು ಮೊದಮೊದಲು ಇದೇ ತಪ್ಪು ಮಾಡಿ ದುಡ್ಡು ಕಳೆದುಕೊಂಡೆ. ಈಗ ಹಳೆಯದನ್ನು ಬ್ಯಾಕಪ್ ತೆಗೆದು, ರೀಸೆಟ್ ಮಾಡಿ, ಆಮೇಲೆ ಹೋಲಿಸುತ್ತೇನೆ. ಅರ್ಧ ಸಲ ಹೊಸದರ ಆಸೆ ಅಲ್ಲೇ ಇಳಿಯುತ್ತದೆ.

ಇನ್ನೊಂದು ಕಣ್ಕಟ್ಟು ಅನಿಮೇಷನ್. ಆ್ಯಪ್ ತೆರೆಯುವಾಗ ಅದು ಅರಳುವ ಹಾಗೆ ಕಾಣುತ್ತದಲ್ಲ, ಆ ಅರಳುವ ಹೊತ್ತನ್ನು ಚಿಕ್ಕದು ಮಾಡಿದರೆ ಫೋನು ಚುರುಕಾಯಿತು ಅನಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಫೋನಿನ ವಿವರ ಇರುವ ಕಡೆ ಕಾಣುವ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಅನಿಮೇಷನ್ ಸ್ಕೇಲ್ ಮೂರನ್ನೂ 0.5 ಮಾಡಿ ನೋಡಿ. ಖರ್ಚಿಲ್ಲದ ಅಪ್‌ಗ್ರೇಡ್!

ಬ್ಯಾಟರಿ ಹೋಲಿಸುವಾಗ ಮೊದಲ ವಾರ ಲೆಕ್ಕಕ್ಕಿಲ್ಲ. ಹೊಸ ಫೋನು ಹಿನ್ನೆಲೆಯಲ್ಲಿ ಫೋಟೊ ಇಳಿಸುತ್ತಾ, ಆ್ಯಪ್‌ಗಳನ್ನು ಜೋಡಿಸುತ್ತಾ ಇರುತ್ತದೆ. ಅದು ಮುಗಿದ ಮೇಲೆ ಎರಡೂ ಪರದೆಯಲ್ಲಿ ಬಿಳಿ ಪುಟ ತೆರೆದು ಪಕ್ಕಪಕ್ಕ ಇಟ್ಟು ಬೆಳಕನ್ನು ಕಣ್ಣಳತೆಯಲ್ಲಿ ಒಂದೇ ಮಾಡಿ, ಒಂದೇ ವೈಫೈನಲ್ಲಿ ಒಂದೇ ವಿಡಿಯೊ ಒಂದು ಗಂಟೆ ಓಡಿಸಿ, ಎಷ್ಟು ಶೇಕಡಾ ಇಳಿಯಿತು ಬರೆದಿಟ್ಟುಕೊಳ್ಳಿ. 100ರಿಂದ ಶುರು ಮಾಡಬೇಡಿ. ಕೆಲವು ಫೋನುಗಳು ಮೇಲಿನ ಅಂಕಿಗಳಲ್ಲಿ ಬೇಕೆಂದೇ ನಿಧಾನವಾಗಿ ಇಳಿಯುವ ಹಾಗೆ ತೋರಿಸುತ್ತವೆ. 90ರಿಂದ 40ರ ನಡುವೆ ಅಳೆಯಿರಿ.

ನನ್ನದೇ ಒಂದು ಪರೀಕ್ಷೆ ಇದೆ, ಯಾವ ಡಬ್ಬದ ಮೇಲೂ ಇರುವುದಿಲ್ಲ. ಅಕ್ಷರದ ಗಾತ್ರವನ್ನು ಪೂರ್ತಿ ದೊಡ್ಡದು ಮಾಡಿ "ರಾಷ್ಟ್ರ", "ಸ್ತ್ರೀ" ಎಂದು ಬರೆಯುತ್ತೇನೆ. ಕೆಲವು ಫೋನುಗಳ ಮೆನುವಿನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಕನ್ನಡಕ ಹುಡುಕುವ ಸೋಮಾರಿತನಕ್ಕೆ ಅಕ್ಷರ ದೊಡ್ಡದು ಮಾಡಿಕೊಂಡಿರುವ ನಮ್ಮಪ್ಪನಿಗೆ ಇದಕ್ಕಿಂತ ದೊಡ್ಡ ದೋಷ ಇನ್ನೊಂದಿಲ್ಲ.

ಮನೆ ಬದಲಾಯಿಸುವ ಕೆಲಸ

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ *#06# ಒತ್ತಿ. ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿದರೆ ಅದು ಕಳುವಾದದ್ದೆಂದು ಬ್ಲಾಕ್ ಆಗಿದೆಯೇ ತಿಳಿಯುತ್ತದೆ. ಫೋನನ್ನು ಎದುರಿಗೇ ರೀಸೆಟ್ ಮಾಡಿಸಿ, ಮತ್ತೆ ತೆರೆಯಿಸಿ. ನಾನು ಒಮ್ಮೆ ಹಾಗೆ ಮಾಡದೆ ತಂದು, ಹಿಂದಿನ ಮಾಲೀಕನ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುವ ಪರದೆಯನ್ನು ನೋಡುತ್ತಾ ಮೂರು ದಿನ ಕೂತಿದ್ದೆ. ಮಾರುವವರೂ ಅಷ್ಟೇ. ಮೊದಲು ಖಾತೆ ತೆಗೆಯಿರಿ, ಆಮೇಲೆ ರೀಸೆಟ್.

ಹಳೆಯದನ್ನು ಅಳಿಸುವ ಮೊದಲು ಎರಡು ಕೆಲಸ ಮರೆಯಬೇಡಿ. ವಾಟ್ಸ್ಆ್ಯಪ್ ಚಾಟ್‌ಗಳನ್ನು ಕ್ಯೂಆರ್ ಕೋಡ್ ತೋರಿಸಿ ಸಾಗಿಸುವಾಗ ಎರಡೂ ಫೋನು ಕೈಯಲ್ಲಿರಬೇಕು. ಲಾಗಿನ್‌ಗೆ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನೂ ಆಗಲೇ ಸಾಗಿಸಬೇಕು.

ಯುಪಿಐ ಮಾತ್ರ ತಾನಾಗಿ ಬರುವುದಿಲ್ಲ. ನಿಮ್ಮ ಖಾತೆ ಈ ಸಿಮ್ ಇರುವ ಈ ಫೋನಿಗೆ ಮಾತ್ರ ಅಂಟಿಕೊಂಡಿರಲಿ ಎಂದು ಅದರ ವ್ಯವಸ್ಥೆಯೇ ಹಾಗಿದೆ. ಹೊಸ ಫೋನಿನಲ್ಲಿ ಆ್ಯಪ್ ತೆರೆದಾಗ ಅದು ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ ಗುರುತು ಖಚಿತ ಮಾಡಿಕೊಳ್ಳುತ್ತದೆ. ಹಾಗಾಗಿ ಸಿಮ್ ಒಳಗಿರಬೇಕು, ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇರಬೇಕು. ಅಷ್ಟಾದ ಮೇಲೂ ಶುರುವಿನಲ್ಲಿ ಕಳಿಸಬಹುದಾದ ಹಣಕ್ಕೆ ಕಡಿಮೆ ಮಿತಿ ಇರುತ್ತದೆ. ಮನೆ ಬಾಡಿಗೆ ಕಟ್ಟುವ ದಿನ ಬಿಟ್ಟು ಬೇರೆ ದಿನ ಫೋನು ಬದಲಾಯಿಸಿ ಎಂದು ಭಾವನಿಗೆ ಹೇಳಿದ್ದೆ. ಅವರು ಸರಿಯಾಗಿ ಒಂದನೇ ತಾರೀಖಿಗೇ ತಂದರು.